ನಾಗಲೆ ತೋರಿಸಿದ ಮೂರು ಪಟ

ಬಹಳ ಹಿಂದೆ ಕನ್ನಗಿರಿ ಎಂಬ ಸೀಮೆಯ ಅರಮನೆಯಲ್ಲಿ ಒಂದು ಮಾಯಾಪರದೆ ಇತ್ತು. ಸಭೆಯಲ್ಲಿ ಯಾರು ಏನು ಹೇಳಬೇಕಾದರೂ ಅದರ ಮೇಲೆ ತೋರಿಸಿಯೇ ಹೇಳಬೇಕು. ಚಿಟಿಕೆ ಹೊಡೆದರೆ ಒಂದು ಪಟ ಸರಿದು ಇನ್ನೊಂದು ಬರುತ್ತಿತ್ತು. ಪರದೆಯ ಒಡೆಯ ಪಟಕೇತು ಎಂಬ ಮಂತ್ರವಾದಿ.

ಅವನು ನಾಗಲೆ ಎಂಬ ಹುಡುಗಿಯ ಅಣ್ಣ ಬೊಮ್ಮಣ್ಣನನ್ನು ಹಿಡಿದು ಪರದೆಯ ಮೂಲೆಗೆ ಚಿತ್ರವಾಗಿ ಅಂಟಿಸಿಬಿಟ್ಟ, ಬರೀ ಅಲಂಕಾರಕ್ಕೆ. ಅವನ ಷರತ್ತಿನಂತೆ, ಅರಸ ಆ ಚಿತ್ರವನ್ನು ಮನುಷ್ಯನೆಂದು ನಂಬಿ ಹೆಸರು ಹಿಡಿದು ಕರೆದರೆ ಮಾತ್ರ ಬಿಡುಗಡೆ. ನಂಬಿಸಲು ನಾಗಲೆಗೆ ಮೂರು ಪಟ. ಸೋತರೆ ಅವಳೂ ಇನ್ನೊಂದು ಮೂಲೆಗೆ ಚಿತ್ರ.

ನಾಗಲೆಯೋ, ನೆಂಟರು ಬಂದರೆ ಬಾಗಿಲ ಸಂದಿಯಿಂದಲೇ ಮಾತಾಡುವವಳು. ಸಭೆಗೆ ಕಾಲಿಟ್ಟಾಗ ತನ್ನ ಸೆರಗಿನ ತೇಪೆ ಎಲ್ಲರಿಗೂ ಕಾಣುತ್ತಿದೆ ಅನ್ನಿಸಿತು.

ಮೊದಲ ಪಟದಲ್ಲಿ ಹೇಳಬೇಕಾದ್ದನ್ನೆಲ್ಲ ಇರುವೆ ಸಾಲಿನಂತೆ ಬರೆದುಬಿಟ್ಟಳು. ಸಭೆಗೆ ಬೆನ್ನು ಹಾಕಿ ನಿಂತು ಒಂದೇ ಉಸಿರಿಗೆ ಓದಿದಳು.

"ಮಗಳೇ, ನಿನ್ನ ಜಡೆಯ ಪರಿಚಯವಾಯಿತು. ಮುಖ ಯಾವಾಗ ತೋರಿಸ್ತೀಯ?" ಅಂದ ಅರಸ.

ಸಭೆ ನಕ್ಕಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಮಾಯೆಯ ಅರಮನೆಯಾದರೂ ನೆಲ ಬಾಯಿ ಬಿಡಲಿಲ್ಲ.

"ಅಕ್ಷರ ಯಾರಿಗೆ ಬೇಕು ತಂಗೀ? ಆಟ ಇರಲಿ," ಎಂದು ಪಟಕೇತು ತನ್ನ ಮಾಯೆಯನ್ನೇ ಸಾಲ ಕೊಟ್ಟ. ಎರಡನೆಯ ಪಟದಲ್ಲಿ ಗುಡುಗು ಗುಡುಗಿತು, ಅಕ್ಷರಗಳು ಒಂದೊಂದಾಗಿ ಉದುರಿದವು, ಬೊಮ್ಮಣ್ಣನ ಹೆಸರು ಆನೆ ಮೇಲೆ ಕೂತು ಗಿರಗಿರನೆ ತಿರುಗಿತು.

ಅರಸ ಚಪ್ಪಾಳೆ ತಟ್ಟಿದ. "ಆ ಆನೆ ಇನ್ನೊಮ್ಮೆ ಬರಲಿ."

"ಪ್ರಭು, ಆನೆ ಮೇಲಿದ್ದ ಹೆಸರು..."

"ಹೆಸರೂ ಇತ್ತೇ?"

ಈ ಸಲದ ನಾಚಿಕೆ ಬೇರೆಯದು. ಅಣ್ಣನ ಕಷ್ಟವನ್ನೇ ಗೊಂಬೆಯಾಟ ಮಾಡಿದೆನಲ್ಲ ಎಂದು ಅವಳು ಅಣ್ಣನ ಕಡೆ ನೋಡಿದಳು. ಮೂಲೆಯಲ್ಲಿ ಬೊಮ್ಮಣ್ಣ ರೆಪ್ಪೆ ಬಡಿಯದೆ ನೋಡುತ್ತಿದ್ದ.

"ಮೂರನೆಯದನ್ನು ನಾನೇ ಮಾಡಿಟ್ಟಿದ್ದೀನಿ. ಹೂಬಳ್ಳಿ, ಅಂಚು ಎಲ್ಲ ಸಿದ್ಧ. ಹೆಸರು ತುಂಬಿದರೆ ಸಾಕು," ಅಂದ ಪಟಕೇತು.

ನಾಗಲೆ ನೋಡಿದಳು. ಚೆಂದವಿತ್ತು. ಆದರೆ ಯಾರ ಅಣ್ಣನಿಗಾದರೂ ಹೊಂದುವ ಪಟ ಅದು.

"ಬೇಡ. ನನ್ನ ಪಟ ಕಪ್ಪಗಿರಲಿ," ಎಂದು ಚಿಟಿಕೆ ಹೊಡೆದಳು.

ಪರದೆ ಕತ್ತಲಾಯಿತು. ನೋಡಲು ಇನ್ನೇನೂ ಇಲ್ಲದೆ ಎಲ್ಲರ ಕಣ್ಣೂ ಅವಳ ಮೇಲೆ ಬಂದು ಕೂತವು. ಪರದೆ ಹಿಂದೆ ಓಡಿಹೋಗೋಣ ಅನ್ನಿಸಿತು. ಮೆಲ್ಲಗೆ ಸಭೆಯ ಕಡೆ ತಿರುಗಿದಳು.

"ನಮ್ಮಣ್ಣ ಊಟಕ್ಕೆ ಕೂತ್ರೆ ನನ್ನ ಎಲೆಯಿಂದ ಹಪ್ಪಳ ಕದೀತಾನೆ," ಅಂದಳು. "ಕದ್ದು, ಮುರಿದು, ಅರ್ಧ ವಾಪಸ್ ಇಡ್ತಾನೆ. ಈಗ ನನ್ನ ಹಪ್ಪಳ ಇಡಿಯಾಗೇ ಇರುತ್ತೆ, ಪ್ರಭು. ನಂಗೆ ತಿನ್ನಕ್ಕಾಗಲ್ಲ."

ಯಾರೂ ನಗಲಿಲ್ಲ. ಅರಸ ಮುಂದಕ್ಕೆ ಬಾಗಿ ಕೇಳಿದ, "ಏನಮ್ಮ ಅವನ ಹೆಸರು?"

"ಬೊಮ್ಮಣ್ಣ."

"ಬೊಮ್ಮಣ್ಣ," ಅರಸ ಕತ್ತಲ ಕಡೆಗೆ ಕರೆದ, "ಬಾರಪ್ಪ ಈಚೆ. ನಿನ್ನ ತಂಗಿ ಸರಿಯಾಗಿ ಊಟ ಮಾಡ್ತಿಲ್ಲ."

ಪರದೆಯಿಂದ ಒಂದು ಕಾಲು ಬಂತು. ಹಿಂದೆಯೇ ಬೊಮ್ಮಣ್ಣ ಬಂದ. ಜನ ಪರದೆ ನೋಡುವವರೆಗೆ ಮಾತ್ರ ಪಟಕೇತುವಿನ ಬಲ. ಈಗ ಎಲ್ಲರೂ ಅಣ್ಣ ತಂಗಿಯನ್ನೇ ನೋಡುತ್ತಿದ್ದರು, ಪರದೆಯನ್ನು ಯಾರೂ ನೋಡುತ್ತಿರಲಿಲ್ಲ. ಅವನು ಹಾಳೆಯಂತೆ ತೆಳ್ಳಗಾಗಿ ಪರದೆಯ ಮೂಲೆಗೆ ಅಂಟಿಕೊಂಡ. ಅವನನ್ನು ಯಾರೂ ಕರೆಯಲಿಲ್ಲ.

"ಅಲ್ವೇ, ಇಡೀ ಸಭೆ ಮುಂದೆ ಹಪ್ಪಳದ ವಿಷಯ ಹೇಳ್ಬೇಕಿತ್ತಾ?" ಎಂದು ಪಿಸುಗುಟ್ಟಿದ ಬೊಮ್ಮಣ್ಣ. ಅವನ ಕಿವಿ ಕೆಂಪಾಗಿತ್ತು.

ನಾಗಲೆಗೂ ನಾಚಿಕೆಯಾಯಿತು. ಆದರೆ ಮುಖ ಮುಚ್ಚಿಕೊಳ್ಳಲಿಲ್ಲ. ಅಂದಿನಿಂದ ಕನ್ನಗಿರಿಯವರು ಒಬ್ಬರ ಮುಖ ಒಬ್ಬರು ನೋಡಿ ಮಾತಾಡುತ್ತ ಸುಖವಾಗಿ ಬಾಳಿದರು.