ಶೀಟಿಗೂ ಪ್ರೆಶರ್ರು

ಧಡ್! ಧಡಾರ್!

ತಲೆಯ ಮೇಲಿನ ಸೂರಿನ ಶೀಟು ಮತ್ತೆ ಕುಣಿಯಿತು. ಅಜ್ಜ ಮಂಚದಿಂದ ಅರ್ಧ ಎದ್ದರು, ಅರ್ಧ ಕೂತರು.

"ಯಾರ್ರೀ ಅದು, ಟಾಪ್ ಮೇಲೆ ಕುಣೀತಿರೋದು? ಇಳೀರಿ ಕೆಳಗೆ!"

ಬಸ್ ಕಂಡಕ್ಟರ್ ಕೆಲಸದಿಂದ ಅಜ್ಜ ನಿವೃತ್ತರಾಗಿದ್ದರು. ಬಾಯಿ ಮಾತ್ರ ಇನ್ನೂ ಡ್ಯೂಟಿಯಲ್ಲಿತ್ತು.

ಮೊಮ್ಮಗಳು ಕಿಸಕ್ಕನೆ ನಕ್ಕಳು. ಯಾರ ದನಿಯನ್ನಾದರೂ ಥೇಟ್ ತೆಗೆಯುತ್ತಿದ್ದ ಅವಳಿಗೆ ಬೀದಿಯವರೆಲ್ಲ ರೇಡಿಯೋ ಎಂದೇ ಹೆಸರಿಟ್ಟಿದ್ದರು. ಈಗ ವಾರ್ತೆ ಓದುವವರ ಗಂಟಲು ಹೊರಬಂತು: "ಚಂಡಮಾರುತ ಊರು ತಲುಪಿದೆ. ಅಜ್ಜಂದಿರು ಮಂಚ ಬಿಟ್ಟು ಇಳಿಯಬಾರದು."

"ಅದೇನೋ ಪ್ರೆಶರ್ ಅಂದ್ರಲ್ಲೇ ನ್ಯೂಸಲ್ಲಿ?"

"ಹೊರಗೆ ಗಾಳಿ ಪ್ರೆಶರ್ ಇಳಿದಿದೆಯಂತೆ ಅಜ್ಜ."

"ಪುಣ್ಯವಂತ ಗಾಳಿ! ನಂದು ಮಾತ್ರೆ ನುಂಗಿದ್ರೂ ಇಳಿಯಲ್ಲ."

ರೇಡಿಯೋಳ ತಲೆ ಓಡಿತು. ಹೊರಗೆ ಕಡಿಮೆ ಅಂದರೆ ಒಳಗೆ ಜಾಸ್ತಿ. ಕುಕ್ಕರಿನ ಹಾಗೆ! ವಿಷಲ್ ಎತ್ತಿದರೆ ಪ್ರೆಶರ್ ಇಳಿಯುತ್ತದಲ್ಲ? ಓಡಿಹೋಗಿ ಬೀದಿಬದಿಯ ಕಿಟಕಿಯ ಚಿಲಕ ತೆಗೆದಳು.

ಟಿಕೆಟ್ಟಿಲ್ಲದ ಗಾಳಿ ತಳ್ಳಿಕೊಂಡು ಒಳಗೆ ಹತ್ತಿತು. ಕ್ಯಾಲೆಂಡರ್ ಗೋಡೆ ಬಿಟ್ಟು ಹಾರಿ ಶೀಟಿಗೆ ಅಂಟಿಕೊಂಡಿತು. ಗೋಡೆಗೂ ಶೀಟಿಗೂ ನಡುವೆ ಬೆಳಕಿನ ಗೆರೆಯೊಂದು ಬಾಯಿಬಿಟ್ಟಿತು. ಟಣ್! ಮೇಲಿನಿಂದ ಒಂದು ನಟ್ಟು ನೆಲಕ್ಕೆ ಬಿತ್ತು.

"ಅಯ್ಯೋ, ಶೀಟು ಎದ್ದು ಹೋಗ್ತಿದೆ ಕಣೇ! ತಡಿ, ಹೊರಗೆ ಹೋಗಿ ಮೇಲೆ ಕಲ್ಲು ಹೇರ್ತೀನಿ!" ಅಜ್ಜ ಬಾಗಿಲಿಗೆ ನಡೆದೇಬಿಟ್ಟರು.

ಎದ್ದು! ರೇಡಿಯೋ ಗಕ್ಕನೆ ನಿಂತಳು. ಕ್ಲಾಸಿನಲ್ಲಿ ಮಿಸ್ ಕಾಗದದ ಪಟ್ಟಿಯನ್ನು ತುಟಿಗೆ ಹಿಡಿದು ಅದರ ಮೇಲ್ಗಡೆ ಊದಿದ್ದರು. ಜೋತುಬಿದ್ದಿದ್ದ ಪಟ್ಟಿ ಮೇಲೆದ್ದು ನಿಂತಿತ್ತು. ಹಾಗಾದರೆ ಹೊರಗಿನ ಗಾಳಿ ಶೀಟನ್ನು ಅದುಮುತ್ತಿಲ್ಲ, ಮೇಲಕ್ಕೆ ಎಳೆಯುತ್ತಿದೆ. ಕೆಳಗಿನಿಂದ ದಬ್ಬಲು ಇನ್ನಷ್ಟು ಗಾಳಿಯನ್ನು ತಾನೇ ಕರೆದು ಕೂರಿಸಿದ್ದಾಳೆ!

"ಅಜ್ಜಾ, ಬಾಗಿಲು ತೆಗೀಬೇಡ! ಇದು ಕುಕ್ಕರ್ ಅಲ್ಲ, ಬಲೂನು! ಕಿಟಕಿ ಮುಚ್ಚೋಣ ಬಾ!"

ಇಬ್ಬರೂ ಹೆಗಲು ಕೊಟ್ಟರು. ಕಿಟಕಿ ಒಂದಿಷ್ಟು ಮುಚ್ಚಿತು, ಗಾಳಿ ಅಷ್ಟನ್ನೂ ವಾಪಸ್ ತಳ್ಳಿತು.

"ಸೀಟ್ ಫುಲ್ಲು! ಇಳೀರಿ, ಇಳೀರಿ!" ಅಜ್ಜ ಗುಡುಗಿದರು.

"ಹಿಂದಿನ ಗಾಡೀಲಿ ಬನ್ನಿ!" ರೇಡಿಯೋ ಅಜ್ಜನ ದನಿಯಲ್ಲೇ ಕೂಗಿ, ಉಸಿರು ಕಟ್ಟಿ ದಬ್ಬಿದಳು.

ಕಟಕ್. ಚಿಲಕ ಕೂತಿತು.

ಶೀಟು ಕಿರುಗುಟ್ಟಿತು, ನಡುಗಿತು. ಆದರೆ ಏಳಲಿಲ್ಲ. ಕ್ಯಾಲೆಂಡರ್ ಮಾತ್ರ ಪಟ್ಟನೆ ಅಜ್ಜನ ಬೋಳುತಲೆಯ ಮೇಲೆ ಬಿತ್ತು.

"ಇವತ್ತು ನನ್ನ ದಿನಾನೇ ಸರಿಯಿಲ್ಲ," ಎಂದರು ಅಜ್ಜ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ರೇಡಿಯೋಳ ದನಿ ಸಣ್ಣದಾಯಿತು. "ಕಿಟಕಿ ತೆಗೆದಿದ್ದು ನಾನೇ ಅಜ್ಜ."

"ಗೊತ್ತು ಬಿಡು. ಪ್ರೆಶರ್ ಏರಿಸೋದ್ರಲ್ಲಿ ನೀನು ಫಸ್ಟ್ ಕ್ಲಾಸು."

ಅವಳು ಕತ್ತೆತ್ತಿ ನೋಡಿದಳು. ಬೆಳಕಿನ ಗೆರೆ ಮಾಯವಾಗಿತ್ತು. ಗೋಡೆಗಳು ಸೂರನ್ನು ಹೊತ್ತು ನಿಂತಿವೆ ಎಂದಷ್ಟೇ ಅವಳು ಈವರೆಗೆ ತಿಳಿದಿದ್ದಳು. ಅವು ಅದನ್ನು ಎಲ್ಲೂ ಹೋಗದಂತೆ ಹಿಡಿದುಕೊಂಡೂ ನಿಂತಿದ್ದವು.

ಗಾಳಿ ಮತ್ತೊಮ್ಮೆ ಹೊಯ್ಯೆಂದು ಬಂತು. ರೇಡಿಯೋ ಅಜ್ಜನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.