ಬಿಸಿಲಿಗೆ ಇಟ್ಟ ಬಾಟಲಿ

"ಬಿಡ್ರಿ ಅದನ್ನ! ಕೊಡ್ರಿ ಇಲ್ಲಿ!"

ಪ್ರಣಾಲಿ ತಿರುಗುವಷ್ಟರಲ್ಲಿ ಬಾಟಲಿ ಅವಳ ಕೈಯಲ್ಲಿರಲಿಲ್ಲ. ಅವನು ಕಸಿದುಕೊಂಡಿದ್ದ. ಮುಚ್ಚಳದ ಅಂಚಿನಿಂದ ಹನಿಗಳು ಅವನ ಬೆರಳಿಗೆ ಸಿಡಿದವು. ಬಾಟಲಿಯನ್ನು ಮೈಯಿಂದ ದೂರ ಹಿಡಿದು ಹೊರಗೆ ಓಡಿದ. ಮರಳಿ ಬಂದವನೇ ನಲ್ಲಿಯ ಕೆಳಗೆ ಕೈಯೊಡ್ಡಿ ಸಾಬೂನು ಹಚ್ಚಿದ. ತೊಳೆದ. ಮತ್ತೆ ಹಚ್ಚಿದ. ಮತ್ತೆ ತೊಳೆದ.

ಪ್ರಯೋಗಶಾಲೆಯಲ್ಲಿದ್ದ ಇಡೀ ಹನ್ನೆರಡನೆಯ ವರ್ಗ ನೋಡುತ್ತಿತ್ತು.

"ಕಿಡಕಿ ಎಲ್ಲಾ ತಗೀರಿ," ಎಂದು ಹುಡುಗರಿಗೆ ಹೇಳಿ, ಅವಳ ಮುಖ ನೋಡದೆ ಸೇರಿಸಿದ, "ಮೇಡಂ, ನೀವೂ ಕೈ ತೊಳ್ಕೋರಿ."

ಅವಳ ಕಿವಿ ಕಾದುಹೋಯಿತು.

ಕನ್ನಡ-ಮರಾಠಿ ಗಡಿಯ ಜತ್ತ ತಾಲೂಕಿನ ಆ ಜೂನಿಯರ್ ಕಾಲೇಜಿಗೆ ಜೀವಶಾಸ್ತ್ರ ಕಲಿಸಲು ಬಂದು ಅದು ಅವಳ ಎರಡನೆಯ ದಿನ. ಅವನು ಸಿದ್ದಾರೂಢ ಬಿರಾದಾರ, ರಸಾಯನಶಾಸ್ತ್ರದ ಮೇಷ್ಟ್ರು, ಉಟಗಿಯ ಲಿಂಗಾಯತರ ಮನೆಯವನು. ಬಾಟಲಿಯಲ್ಲಿದ್ದದ್ದು ಕ್ಲೋರೋಫಾರ್ಮ್. ಕೀಟಗಳ ಸಂಗ್ರಹಕ್ಕೆಂದು ಅವಳು ಕಿಟಕಿಯಿಂದ ಎತ್ತಿಕೊಂಡಿದ್ದಳು. ಕಾಲೇಜಿನ ದಿನಗಳಲ್ಲಿ ಎಷ್ಟು ಸಲ ಬಳಸಿಲ್ಲ! ಅದಕ್ಕೆ ಯಾರೂ ಹೀಗೆ ಕೈ ತೊಳೆಯುವುದಿಲ್ಲ...

ಹಾಗಾದರೆ ಯಾವುದಕ್ಕೆ ತೊಳೆದ?

ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ಹೆಸರು ಕೇಳಿದ್ದ. 'ಪ್ರಣಾಲಿ ಕಾಂಬಳೆ' ಎಂದಿದ್ದಳು. ಆ ಕಡೆ ಅಡ್ಡಹೆಸರೇ ದಲಿತಳೆಂದು ಹೇಳಿಬಿಡುತ್ತಿತ್ತು. ಪರರ ಹೊಲದಲ್ಲಿ ಕಳೆ ಕೀಳುವಾಗ ಅವಳ ತಾಯಿ ಶೇವಂತಾಬಾಯಿಯ ಬೊಗಸೆಗೆ ಹೊಲದವರು ಮೈ ತಾಗದಂತೆ ಎತ್ತರದಿಂದ ನೀರು ಹೊಯ್ಯುತ್ತಿದ್ದುದನ್ನು ನೋಡಿ ಬೆಳೆದವಳು ಅವಳು. ಯಾರೂ ಬಾಯಿಬಿಟ್ಟು ಏನೂ ಹೇಳಬೇಕಾಗಿರಲಿಲ್ಲ.

ಅವಳು ಕೈ ತೊಳೆಯದೆ ಹೊರನಡೆದಳು.

ಆ ಮೇಲೆ ದಿನವೂ ಸ್ಟಾಫ್ ರೂಮಿನಲ್ಲಿ ಅವನು ತನ್ನ ಫ್ಲಾಸ್ಕಿನಿಂದ ಒಂದು ಕಪ್ ಚಹಾ ಬಗ್ಗಿಸಿ ಅವಳ ಮುಂದಿಡುತ್ತಿದ್ದ.

"ಇವತ್ತರ ಕುಡೀರಿ ಮೇಡಂ. ಆರಿ ಹೋಗ್ತದ."

"ಆರಲಿ ಬಿಡ್ರಿ."

'ನಾನು ಕುಡಿದ ಮೇಲೆ ಈ ಕಪ್ಪನ್ನು ಎಷ್ಟು ಸಲ ತೊಳೆಯುತ್ತಾನೋ!' ಎಂದುಕೊಳ್ಳುತ್ತಿದ್ದಳು. ಸರ್ಕಾರಿ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಇದ್ದರೂ ಅವನು ಜತ್ತದವರೆಗೆ ನಿಂತೇ ಬರುತ್ತಿದ್ದ. ಅದನ್ನೂ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಆದರೂ...

ಆದರೂ ಎರಡು ವರ್ಗಗಳ ನಡುವಿನ ಗೋಡೆ ತೆಳುವಾಗಿತ್ತು. ಇಂಗ್ಲಿಷ್ ಪುಸ್ತಕ ಮುಚ್ಚಿಟ್ಟು ಅವನು ಕನ್ನಡ ಸಾಲೆಯಿಂದ ಬಂದ ಹುಡುಗರಿಗೆ ಹೇಳುತ್ತಿದ್ದುದೆಲ್ಲ ಆಚೆ ಕೇಳುತ್ತಿತ್ತು.

"ಮಿಥೇನಿನ ಇಂಗಾಲಕ್ಕ ನಾಕು ಕೈ. ನಾಕೂ ಕೈಯಾಗ ಹೈಡ್ರೋಜನ್. ಬೆಳಕು ಬಿದ್ದಾಗ ಒಂದನ್ನ ಎಬ್ಬಿಸಿ ಆ ಜಾಗಾದಾಗ ಕ್ಲೋರಿನ್ ಕುಂದರ್ತದ. ಹಿಂಗ ಮೂರು ಜಾಗಾದಾಗ ಕುಂತ್ರ ಕ್ಲೋರೋಫಾರ್ಮ್."

"ಸರ, ಎದ್ದ ಹೈಡ್ರೋಜನ್ ಎಲ್ಲಿ ಹೋಗ್ಬೇಕ್ರಿ ಪಾಪ?"

"ಅದಕ್ಕೂ ಒಂದು ಕ್ಲೋರಿನ್ ಜೋಡಿ ಸಿಗ್ತದಲೇ. ಯಾರನ್ನೂ ಒಂಟಿಯಾಗಿ ಕಳಸಂಗಿಲ್ಲ."

ಗೋಡೆಯ ಈಚೆ ಪ್ರಣಾಲಿ ನಕ್ಕುಬಿಡುತ್ತಿದ್ದಳು. ನಕ್ಕದ್ದಕ್ಕೆ ತನ್ನ ಮೇಲೇ ಸಿಟ್ಟಾಗುತ್ತಿದ್ದಳು. 'ಆ ಕೈಗಳನ್ನು ನೋಡಿಯೂ ಈ ದನಿಗೆ ಕಿವಿಗೊಡುತ್ತೀಯಲ್ಲ... ನಾಚಿಕೆಯಿಲ್ಲವೇ ನಿನಗೆ!'

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ, ಬಸ್ಸಿಗೆ ಕಾಯುವಾಗ, ಅವನು ತಲೆ ತಗ್ಗಿಸಿ ಕೇಳಿದ.

"ನಮ್ಮವ್ವನ್ನ ಕರ್ಕೊಂಡು ನಿಮ್ಮ ಮನಿಗಿ ಬರ್ಲೇನ್ರಿ? ಮಾತಾಡಾಕ..."

ಎಷ್ಟು ಕಾದಿದ್ದಳು ಆ ಮಾತಿಗೆ! ಕಾದಿದ್ದೆ ಎಂದು ಆಗಲೇ ತಿಳಿಯಿತು. ತುಟಿಗೆ ಬಂದದ್ದು ಮಾತ್ರ ಬೇರೆ.

"ನಿಮ್ಮ ಮನ್ಯಾಗ ಸಾಬಾಣ ಎಷ್ಟ ಅದಾವ್ರಿ?"

"ಅಂದ್ರ?"

"ಭಾಳ ಬೇಕಾಗ್ತಾವ."

ಅವನು ಪೆಟ್ಟು ತಿಂದವನಂತೆ ನಿಂತ. ಅವಳು ಬಸ್ ಹತ್ತಿದಳು. ಮರುದಿನವೇ, ತನ್ನನ್ನು ಕರೆದಿದ್ದ ಮಿರಜದ ಕಾಲೇಜೊಂದಕ್ಕೆ ಬರುತ್ತೇನೆಂದು ಒಪ್ಪಿಕೊಂಡಳು. ಸೋಮವಾರದಿಂದ ಅಲ್ಲಿ. ಇದು ಇಲ್ಲಿನ ಕೊನೆಯ ಶನಿವಾರ.

ಆ ಬೆಳಿಗ್ಗೆ ಸಿದ್ದಾರೂಢ ಪರೀಕ್ಷೆಯ ಕೆಲಸಕ್ಕೆ ಜತ್ತಕ್ಕೆ ಹೋಗಿದ್ದ. ಅವನ ವರ್ಗ ನೋಡಿಕೊಳ್ಳಲು ಪ್ರಾಚಾರ್ಯರು ಅವಳನ್ನೇ ಕಳಿಸಿದರು.

"ಯಾರರ ಓದ್ರಿ," ಎಂದಳು, ಮನಸ್ಸಿಲ್ಲದೆ.

ಸೃಷ್ಟಿ ಎಂಬ ಹುಡುಗಿ ಎದ್ದು ಓದಿ, ಅವಳ ಸರ್ ಮಾಡುವಂತೆಯೇ ಕನ್ನಡದಲ್ಲಿ ಹೇಳಿದಳು.

"ಕ್ಲೋರೋಫಾರ್ಮಿಗಿ ಗಾಳಿ, ಬೆಳಕು ಎರಡೂ ತಾಗಿದ್ರ ಅದು ಫಾಸ್ಜೀನ್ ಅಂತ ವಿಷದ ಗಾಳಿ ಆಗ್ತದ್ರಿ. ಅದಕ್ಕ ಕಂದು ಬಾಟ್ಲ್ಯಾಗ, ಕಂಠಮಟ ತುಂಬಿಸಿ ಇಡಬೇಕು. ಫಾಸ್ಜೀನ್ ವಾಸನಿ ಮುಗ್ಗಿದ ಕಣಕಿಯಂಗ ಇರ್ತದ ಅಂತ ಸರ ಹೇಳ್ಯಾರ್ರಿ."

ಮುಗ್ಗಿದ ಕಣಕಿ... ಮುಗ್ಗಲು ಹಿಡಿದ ಜೋಳದ ದಂಟು...

ಪ್ರಣಾಲಿಗೆ ಇಲ್ಲಿನ ತನ್ನ ಎರಡನೆಯ ದಿನ ನೆನಪಾಯಿತು. ಬಿಳಿ ಗಾಜಿನ ಬಾಟಲಿ. ಅರ್ಧ ಖಾಲಿ. ಬೇಸಿಗೆ ಇಡೀ ಬಿಸಿಲು ಬಿದ್ದ ಕಿಟಕಿ. ಮತ್ತು ಆ ದಿನ ಸಿಹಿ ವಾಸನೆಯ ಹಿಂದೆಯೇ ಮೂಗಿಗೆ ಬಡಿದದ್ದು... ಮಳೆಗೆ ತೊಯ್ದ ಜೋಳದ ಕಣಕಿಯ ಬಣವೆಯ ವಾಸನೆ! ಪ್ರಯೋಗಶಾಲೆಯಲ್ಲಿ ಕಣಕಿ ಎಲ್ಲಿಂದ ಬಂತೆಂದು ಅವಳು ಯೋಚಿಸಿಯೇ ಇರಲಿಲ್ಲ.

ಮಧ್ಯಾಹ್ನ ಅವನು ಮರಳಿದ ಮೇಲೆ ಅವಳು ಪ್ರಯೋಗಶಾಲೆಯ ಬಾಗಿಲಿಗೆ ಬಂದು ನಿಂತಳು. ಅವನು ಕಂದು ಬಾಟಲಿಯಿಂದ ತುಸು ಕ್ಲೋರೋಫಾರ್ಮ್ ತೆಗೆದು ಅದಕ್ಕೆ ಸಿಲ್ವರ್ ನೈಟ್ರೇಟ್ ಹನಿಸುತ್ತಿದ್ದ.

"ಏನ್ ನೋಡಾಕತ್ತೀರಿ?"

ಅವನು ಬೆಚ್ಚಿದ. "ಇದು ಕೆಟ್ಟದ ಏನು ಅಂತ. ಚಲೋ ಇದ್ರ ಇಂಗಾಲ ತನ್ನ ಕ್ಲೋರಿನ್ ಬಿಟ್ಟುಕೊಡಂಗಿಲ್ಲ, ತಿಳಿ ಇರ್ತದ. ಕೆಟ್ಟಿದ್ರ ಹಾಲಿನಂಗ ಬೆಳ್ಳಗಾಗ್ತದ." ನಳಿಕೆಯನ್ನು ಬೆಳಕಿಗೆ ಹಿಡಿದು ಹೇಳಿದ, "ಆವತ್ತಿಂದು ಹಾಲ ಆಗಿತ್ತು."

"ಆವತ್ತ ಯಾಕ ಹೇಳ್ಲಿಲ್ರಿ?"

"ಲಗಮಣ್ಣ ಕಾಕಾ ಕಂದು ಬಾಟ್ಲಿ ಒಡದು ಬಿಳೀದ್ರಾಗ ಹಾಕಿಟ್ಟಿದ್ದ. ಗೊತ್ತಾದ್ರ ಅವನ ಪ್ಯೂನ್ ಕೆಲಸ ಹೋಗ್ತಿತ್ತು."

"ನಾನೇನ್ ತಿಳ್ಕೊಂಡೆ, ಗೊತ್ತದೇನ್ರಿ?" ಅವಳು ಬಾಗಿಲು ಬಿಟ್ಟು ಒಳಗೆ ಬಂದಳು. "ಕಾಂಬಳೆ ಮುಟ್ಟಿದ ಬಾಟ್ಲಿ ಹಿಡದದ್ದಕ್ಕ ಕೈ ತೊಳ್ಕೊಂಡ್ರಿ ಅಂತ."

ಅವನು ಸ್ಟೂಲಿನ ಮೇಲೆ ಕುಸಿದ. ಕೈಯಲ್ಲಿದ್ದ ಹನಿಬಾಟಲಿ ವಾಲಿತು. ಸಿಲ್ವರ್ ನೈಟ್ರೇಟ್ ಬೆರಳುಗಳ ಮೇಲೆಲ್ಲ ಹರಿಯಿತು.

"ಸಾಬಾಣ..." ಎಂದ, ಬಸ್ಸಿಗೆ ಕಾಯುವಾಗ ಅವಳಾಡಿದ ಮಾತು ನೆನೆದು. "ನನ್ನ ತಲಿಗಿ ಅದು ಹೊಳೀಲೇ ಇಲ್ರಿ. ಹೊಳೀಬೇಕಾಗಿತ್ತು."

"ಹೌದ್ರಿ, ಹೊಳೀಬೇಕಾಗಿತ್ತು. ನಿಮಗ ಹೊಳಿಯಂಗಿಲ್ಲ. ನಮಗ ಮೊದಲ ಅದ ಹೊಳೀತದ."

ಅವಳು ಹತ್ತಿರ ಬಂದು, ಒದ್ದೆಯಾದ ಆ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದಳು. ಮೊದಲ ಸಲ.

"ಬಿಡ್ರಿ! ಅದು ಹತ್ತಿದ್ರ ಬೆಳಕಿಗಿ ಕೈ ಕಪ್ಪಾಗ್ತದ. ವಾರಾದ್ರೂ ಹೋಗಂಗಿಲ್ಲ."

"ಆಗಲಿ."

"ಸೋಮವಾರ ಮಿರಜದಾಗ ಎಲ್ಲಾರೂ ಕೇಳ್ತಾರ..."

"ಸೋಮವಾರ ನಾ ಇಲ್ಲೇ ಇರ್ತೀನಿ. ನಿಮ್ಮವ್ವನ್ನ ಯಾವಾಗ ಕರ್ಕೊಂಡು ಬರ್ತೀರಿ?"

ಅವನ ಕಣ್ಣು ತುಂಬಿ ಬಂತು. ಒಂದು ಕೈಯನ್ನು ಅವಳಲ್ಲೇ ಬಿಟ್ಟು ಇನ್ನೊಂದರಿಂದ ನಲ್ಲಿ ತಿರುಗಿಸಿದ. ಸಾಬೂನನ್ನು ಅವಳ ಮುಂದೆ ಹಿಡಿದ.

"ಲಗೂನ ತೊಳ್ಕೋರಿ. ಇಬ್ಬರ ಕೈನೂ ಒಂದ ನಮೂನಿ ಕಪ್ಪಾದ್ರ ಇಡೀ ಊರು ನೋಡ್ತದ."

ಪ್ರಣಾಲಿ ಸಾಬೂನನ್ನು ನೋಡಿದಳು. ಅವನನ್ನು ನೋಡಿದಳು.

"ಒಲ್ಲೆ."