ಕಲ್ಲಿನ ಮೇಲೆ ಎರಡೇ ಅಕ್ಷರ

“ಮೊಳದ ಜಾಗ, ಮಾರುದ್ದ ಹೆಸರು. ಎಲ್ಲಿ ಅಂತ ತುರುಕಲಿ?” ಅಪ್ಪ ಉಳಿಯನ್ನು ನೆಲಕ್ಕೆ ಕುಕ್ಕಿದ.

ಚೂಟಿ ಹೋಂವರ್ಕ್ ಬಿಟ್ಟು ಎದ್ದು ಬಂದಳು. ಅಪ್ಪ ಸಮಾಧಿ ಕಲ್ಲುಗಳ ಮೇಲೆ ಹೆಸರು ಕೆತ್ತುವವನು. ಇದು ಬ್ರೆಡ್ಡಂಗಡಿ ಅಜ್ಜಿಯ ಮನೆಯವರ ಕಲ್ಲು. ಮೇಲೆ ಅವಳ ಗಂಡನ ಹೆಸರು ಮೊದಲೇ ಇತ್ತು. ಅದರ ಕೆಳಗೆ, ಈಚೆಗೆ ತೀರಿಕೊಂಡ ಮಗನ ಹೆಸರು ಬರಬೇಕು: ಯೋಹನಾನ್, ನಾಲ್ಕು ಅಕ್ಷರ.

“ಸಣ್ಣಗೆ ಕೆತ್ತಪ್ಪ.”

“ಅಜ್ಜಿಗೆ ಕಣ್ಣು ಮಂಜು ಕಣೇ. ಬೆರಳಾಡಿಸಿ ಓದ್ತಾಳೆ. ದೊಡ್ಡದಾಗೇ ಇರಬೇಕು ಅಂದಿದಾಳೆ.”

ಚೂಟಿಗೆ ತಟ್ಟನೆ ಹೊಳೆಯಿತು. “ಹಾಗಾದ್ರೆ ಜಾನ್ ಅಂತ ಕೆತ್ತು. ಎರಡೇ ಅಕ್ಷರ. ಮಿಸ್ ಇವತ್ತೇ ಹೇಳಿಕೊಟ್ರು. ಯೋಹನಾನ್ ಹೀಬ್ರೂ ಹೆಸರು. ಅದು ಗ್ರೀಕರ ಬಾಯಿಗೆ ಬಿದ್ದು, ಆಮೇಲೆ ಲ್ಯಾಟಿನ್‌ನಲ್ಲಿ ಯೊಹಾನ್ನೆಸ್ ಆಯ್ತು. ಅಲ್ಲಿಂದ ಒಂದೊಂದು ದೇಶದಲ್ಲಿ ಒಂದೊಂದು ಥರ. ಜಾನ್, ಇವಾನ್, ಹುವಾನ್, ಎಲ್ಲಾ ಒಂದೇ ಹೆಸರು.”

“ನಿಜವಾಗ್ಲೂ?”

“ಪುಸ್ತಕದಲ್ಲೇ ಇದೆ.”

ಅಪ್ಪ ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಪುಸ್ತಕ ಅಂದರೆ ಅವನಿಗೆ ಮರುಮಾತಿಲ್ಲ. “ಇದಕ್ಕೇ ನಿನ್ನನ್ನ ಓದಿಸ್ತಿರೋದು,” ಎಂದು ಉಳಿ ಎತ್ತಿಕೊಂಡ. ಅಜ್ಜಿಯನ್ನು ಒಂದು ಮಾತು ಕೇಳಬೇಕೆಂದು ಇಬ್ಬರಿಗೂ ತೋಚಲಿಲ್ಲ.

ಮರುದಿನ ಅಜ್ಜಿ ಬಂದು ಕಲ್ಲಿನ ಮುಂದೆ ಕೂತಳು. ಗಂಡನ ಹೆಸರು ಸವರಿ, ಬೆರಳನ್ನು ಕೆಳಗಿಳಿಸಿದಳು. ಎರಡು ಅಕ್ಷರ ದಾಟಿದ್ದೇ ಬೆರಳು ಬರಿಗಲ್ಲಿನ ಮೇಲೆ ಜಾರಿತು.

“ಇದು ಯಾರು?”

“ನಿಮ್ಮ ಮಗನೇ ಅಜ್ಜಿ. ಎರಡೂ ಒಂದೇ ಹೆಸರಂತೆ. ಪುಸ್ತಕದಲ್ಲಿದೆಯಂತೆ.” ಅಪ್ಪನ ದನಿ ಕುಗ್ಗಿತ್ತು.

“ಇರಬಹುದಪ್ಪ. ಓದಿದೋರು ಸುಳ್ಳು ಬರೀತಾರಾ? ಅವನು ಕೆಲಸಕ್ಕಿದ್ದ ಫ್ಯಾಕ್ಟರಿ ಸಾಹೇಬನೂ ಅವನನ್ನ ಹೀಗೇ ಕೂಗ್ತಿದ್ದ, ನಾಲಿಗೆ ಹೊರಳಲ್ಲ ಅಂತ. ಹಾಗೆ ಕೂಗಿದ ದಿನ ನನ್ನ ಮಗ ಊಟ ಬಿಡ್ತಿದ್ದ.” ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದಳು. “ಈ ಹೆಸರಲ್ಲಿ ನಾನು ಕೂಗಿದ್ರೆ ಅವನು ತಿರುಗಿ ಕೂಡ ನೋಡ್ತಿರಲಿಲ್ಲ.”

ಅವಳು ಗೋಡೆ ಹಿಡಿದುಕೊಂಡು ಬೀದಿಗಿಳಿದಳು.

“ಅಳಿಸಿಬಿಡಪ್ಪ,” ಚೂಟಿ ಮೆಲ್ಲಗೆ ಅಂದಳು.

“ಕಲ್ಲಿಗೆ ರಬ್ಬರ್ ಇದೆಯೇನೇ?” ಅಪ್ಪ ಸಿಡುಕಿದ.

ಸೋಮವಾರ ಕ್ಲಾಸಿನಲ್ಲಿ ಮಿಸ್ ಕೇಳಿದರು: “ಯೋಹನಾನ್, ಜಾನ್, ಎರಡೂ ಒಂದೇ ಹೆಸರು ಅನ್ನೋರು ಕೈ ಎತ್ತಿ.”

ಒಬ್ಬಳನ್ನು ಬಿಟ್ಟು ಎಲ್ಲರ ಕೈ ಮೇಲೆದ್ದವು.

“ಏನೇ ಚೂಟಿ, ಮರೆತುಹೋಯ್ತಾ?” ಪಕ್ಕದವಳು ತಿವಿದಳು.

ಚೂಟಿ ಕೈ ಎತ್ತಲಿಲ್ಲ. ಅವಳ ಬೆರಳು ಡೆಸ್ಕಿನ ಕೆಳಗಿನ ಒರಟು ಹಲಗೆಯ ಮೇಲೆ ನಾಲ್ಕು ಅಕ್ಷರ ಬರೆಯುತ್ತಿತ್ತು. ನಿಧಾನವಾಗಿ, ದೊಡ್ಡದಾಗಿ.